ಮೂರನೇ ಪಿನ್

ಹೆದರುವುದರಲ್ಲಿ ಅತ್ತೆಯನ್ನು ಮೀರಿಸುವವರು ಆ ಊರಲ್ಲಿ ಯಾರೂ ಇರಲಿಲ್ಲ. ಹೆದರಿಕೆಯೇ ಅವಳಿಗೆ ಅನ್ನ ಹಾಕುತ್ತಿತ್ತು ಎಂದರೂ ತಪ್ಪಿಲ್ಲ. ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ತಿರುವಿನಲ್ಲಿ ಬರಬಹುದಾದ ಲಾರಿ, ಅಡ್ಡ ನುಗ್ಗಬಹುದಾದ ನಾಯಿ, ಫಕ್ಕನೆ ಬಾಗಿಲು ತೆರೆಯಬಹುದಾದ ನಿಂತ ಕಾರು, ಎಲ್ಲಕ್ಕೂ ಮುಂಗಡವಾಗಿ ಹೆದರುವುದೇ ಅವಳ ಕೆಲಸ. ಆ ಕಾರಿನಲ್ಲಿ ಅವಳ ಕಾಲಡಿಗೂ ಒಂದು ಬ್ರೇಕ್ ಇತ್ತು. ಬ್ರೇಕ್ ಇದ್ದ ಕಡೆ ಅವಳು ಹುಲಿ. ಇಲ್ಲದ ಕಡೆ, ಅಂದರೆ ಉಳಿದ ಇಡೀ ಲೋಕದಲ್ಲಿ, ಮಹಾ ಪುಕ್ಕಲಿ.

ಅವಳನ್ನು ಅತ್ತೆ ಎಂದು ಕರೆಯುವ ಹಕ್ಕು ನ್ಯಾಯವಾಗಿ ಇದ್ದದ್ದು ಒಬ್ಬಳಿಗೇ, ತಮ್ಮನ ಮಗಳಿಗೆ. ಹದಿನಾರರ ಹುಡುಗಿ. ಹುಟ್ಟಿದ ದಿನವೇ ಅತ್ತು ಇಡೀ ವಾರ್ಡನ್ನು ಎಬ್ಬಿಸಿದ ಗಂಟಲು ಅವಳದು. ಅಂದಿನಿಂದ ಮನೆಯವರಿಗೆಲ್ಲ ಅವಳು ಸೈರನ್. ಆ ಗಂಟಲನ್ನು ಹಾಡಿಗೆ ಪಳಗಿಸಿ, ಕೈಗೆ ಗಿಟಾರ್ ಕೊಟ್ಟು, ಚರ್ಚಿನ ಮಕ್ಕಳ ಬ್ಯಾಂಡಿನ ಮುಂದೆ ನಿಲ್ಲಿಸಿದವಳು ಅತ್ತೆ. ಡ್ರಮ್ಸ್ ಬಾರಿಸುವ ಹುಡುಗನಿಗೆ ಪಾತ್ರೆ ಎಂದು ಹೆಸರು, ಅವನ ಅಮ್ಮನ ಅಡುಗೆಮನೆಯಲ್ಲಿ ನೆಗ್ಗದ ಪಾತ್ರೆ ಒಂದೂ ಉಳಿದಿರಲಿಲ್ಲ. ಬೇಸ್ ಗಿಟಾರಿನ ಹುಡುಗಿ ಮೌನಿ, ಅವಳಿಗೆ ಮಾತು ಅಂದರೆ ಆಗದು. ಸೈರನ್ ಕರೆಯುವುದನ್ನು ಕೇಳಿ ಕೇಳಿ ಇವರಿಗೂ ಅವಳು ಅತ್ತೆಯೇ ಆದಳು.

ಅತ್ತೆಯ ಪಾಠದಲ್ಲಿ ಮುದ್ದುಗಿದ್ದು ಇರುತ್ತಿರಲಿಲ್ಲ. ಹೊಸಬರಿಗೆ ಮೊದಲು ವಾದ್ಯ ಕೊಡದೆ, ಚರ್ಚಿನ ಖಾಲಿ ಹಾಲಿನಲ್ಲಿ ಕುರ್ಚಿಗಳ ನಡುವೆ ತಾಳಕ್ಕೆ ಸರಿಯಾಗಿ ನಡೆಸುತ್ತಿದ್ದಳು. ಸೊಲ್ಲು ಮರೆಯಲಿ, ತಂತಿ ಹರಿಯಲಿ, ಡ್ರಮ್ಸ್ ಕಡ್ಡಿ ಕೈಜಾರಿ ಹಾರಿಹೋಗಲಿ, ಬಾರಿಸುವುದನ್ನು ಮಾತ್ರ ನಿಲ್ಲಿಸಕೂಡದು.

"ಜನ ಕಣ್ಣು ಮುಚ್ಚಿ ಹಾಡ್ತಿರ್ತಾರೆ. ನೀವು ನಿಲ್ಲಿಸಿದ್ರೆ ದೇವರನ್ನ ಬಿಟ್ಟು ನಿಮ್ಮನ್ನ ನೋಡ್ತಾರೆ," ಎನ್ನುತ್ತಿದ್ದಳು.

ಇಷ್ಟೆಲ್ಲ ಹೇಳಿಕೊಡುವ ಅತ್ತೆ, ಹಾಡು ಏರಿದಾಗ ಚರ್ಚಿನಲ್ಲಿ ಎಲ್ಲರೂ ಕೈ ಎತ್ತಿ ದೇವರನ್ನು ಹೊಗಳುವಾಗ ತಾನು ಮಾತ್ರ ಕೈಗಳನ್ನು ಮಡಿಲಲ್ಲೇ ಕಟ್ಟಿ ಕೂರುತ್ತಿದ್ದಳು. ನಾಚಿಕೆಯೋ, ಸ್ಟೀರಿಂಗ್ ಅಭ್ಯಾಸವೋ, ಅವಳಿಗೇ ಗೊತ್ತಿರಲಿಲ್ಲ.

ಆ ಭಾನುವಾರ ದೀಕ್ಷಾಸ್ನಾನವಿತ್ತು. ಹೊಸದಾಗಿ ನಂಬಿಕೆಗೆ ಬಂದವರನ್ನು ವೇದಿಕೆಯ ಹಿಂದಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಎಬ್ಬಿಸುವ ದಿನ. ಮಕ್ಕಳು ಅದಕ್ಕೆಂದೇ ತಿಂಗಳುಗಟ್ಟಲೆ ಹಾಡು ಕೂಡಿಸಿದ್ದರು. ಆದರೆ ಶನಿವಾರ ಅಭ್ಯಾಸಕ್ಕೆ ಬಂದ ಪಾಸ್ಟರ್ ಬಾಗಿಲಲ್ಲೇ ನಿಂತು ಮುಖ ಸಿಂಡರಿಸಿದರು. ಸೈರನ್ ಗಿಟಾರಿಗೆ ಹಾಕಿದ್ದ ಹಳೆಯ ಆಂಪ್ಲಿಫಯರ್, ಯಾರೋ ಮನೆ ಖಾಲಿ ಮಾಡುವಾಗ ಪುಣ್ಯ ಕಟ್ಟಿಕೊಂಡು ಕೊಟ್ಟದ್ದು, ಗುಂಯ್ ಎಂದು ಒಂದೇ ಸಮ ಗುನುಗುತ್ತಿತ್ತು.

"ಸಿಸ್ಟರ್, ನಾನು ಪ್ರಾರ್ಥನೆ ಮಾಡ್ತಿದ್ರೆ ಹಿಂದೆ ಯಾರೋ ನೊಣ ಸಾಕಿದ ಹಾಗಿರುತ್ತೆ," ಎಂದರು ಪಾಸ್ಟರ್. "ಈ ಸದ್ದು ನಿಲ್ಲಲಿಲ್ಲ ಅಂದ್ರೆ ನಾಳೆ ಬ್ಯಾಂಡ್ ಬೇಡ. ಕೀಬೋರ್ಡ್ ಒಂದೇ ಸಾಕು."

ಪಾಸ್ಟರ್ ಅತ್ತ ಹೋದರು, ಇತ್ತ ಮೂರೂ ಮುಖಗಳು ಬಾಡಿದವು. ಪಾತ್ರೆ ಕಡ್ಡಿಗಳನ್ನು ಚೀಲಕ್ಕೆ ಹಾಕಲು ಶುರುಮಾಡಿದ. ಸೈರನ್ ಕಣ್ಣಲ್ಲಿ ನೀರು ತುಂಬಿತು. ಅತ್ತೆಗೆ ಅದನ್ನು ನೋಡಲಾಗಲಿಲ್ಲ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಭಾನುವಾರ ಚರ್ಚಿನ ಮೈಕು ಸ್ಪೀಕರ್ ನೋಡಿಕೊಳ್ಳುವ ವಯರಣ್ಣನನ್ನು ಕರೆಸಿದಳು.

ಮಕ್ಕಳು ಹಾಲಿನ ಆ ಕೊನೆಗೆ ಹೋಗಿ ಮುಖ ಬಾಡಿಸಿ ಕೂತಿದ್ದರು. ವಯರಣ್ಣ ಬಗ್ಗಿ, ಎದ್ದು, ಗೋಡೆಯ ಸಾಕೆಟ್ಟಿನಿಂದ ಆಂಪಿನ ಪ್ಲಗ್ ಕಿತ್ತು ತೋರಿಸಿದ. "ಈ ಮೂರನೇ ಪಿನ್ ಮುರಿದುಬಿಟ್ರೆ ಸದ್ದು ಹೋಗುತ್ತೆ ಅಕ್ಕ."

"ಮುರಿದ್ರೆ ಅಪಾಯ ಏನಾದ್ರೂ ಉಂಟಾ?"

"ಕರೆಂಟು ಎಲ್ಲಾದ್ರೂ ಸೋರಿದ್ರೆ ಅದನ್ನ ನೆಲಕ್ಕೆ ಇಳಿಸೋದು ಈ ಪಿನ್ನೇ. ಇದು ಇಲ್ಲಾಂದ್ರೆ ಅದು ಬೇರೆ ದಾರಿ ನೋಡ್ಕೊಳ್ಳುತ್ತೆ."

"ಬೇರೆ ದಾರಿ ಅಂದ್ರೆ?"

ವಯರಣ್ಣ ಇಕ್ಕಳದ ತುದಿಯಿಂದ ದೂರ ಕೂತಿದ್ದ ಸೈರನ್ ಕಡೆ ತೋರಿಸಿ ಹಲ್ಲು ಕಿರಿದ. "ತಂತಿ ಹಿಡಿದವರು. ಅಯ್ಯೋ, ಹೆದರ್ಕೊಬೇಡಿ ಅಕ್ಕ, ಎಲ್ಲಾ ಕಡೆ ಹೀಗೇ ಮಾಡ್ತಾರೆ. ಸೋಮವಾರ ಆಂಪ್ ಬಿಚ್ಚಿ ಸರಿಯಾಗಿ ರಿಪೇರಿ ಮಾಡ್ತೀನಿ. ನಾಳೆ ಒಂದು ದಿನದ ಮಾತು ತಾನೆ?"

ಅತ್ತೆ ಸೈರನ್ ಮುಖ ನೋಡಿದಳು. "ಮುರಿ," ಎಂದಳು.

ಇಕ್ಕಳ ಕಟಕ್ಕೆಂದಿತು. ಪ್ಲಗ್ ಮತ್ತೆ ಸಾಕೆಟ್ಟಿಗೆ ಸಿಕ್ಕಿಸಿದಾಗ ಗುಂಯ್ ಸದ್ದು ಮಾಯವಾಗಿತ್ತು. ಮಕ್ಕಳು ಓಡಿಬಂದು ಕುಣಿದಾಡಿದರು, ಹಾಡು ಮತ್ತೆ ಶುರುವಾಯಿತು. ಎರಡನೇ ಸೊಲ್ಲಿಗೆ ಸೈರನ್ ತಲೆ ಹಿಂದಕ್ಕೆ ಎಳೆದುಕೊಂಡು ತುಟಿ ಉಜ್ಜಿದಳು.

"ಅತ್ತೆ, ಮೈಕ್ ತಗುಲಿತು. ತುಟಿ ಜುಂ ಅಂತು."

ಅತ್ತೆ ವಯರಣ್ಣನ ಕಡೆ ತಿರುಗಿದಳು. ವಯರಣ್ಣ ಮೈಕಿಗೆ ದಪ್ಪ ಸ್ಪಂಜಿನ ಟೊಪ್ಪಿ ತೊಡಿಸಿದ. ಸೈರನ್ ಕಾಲಿನ ಶೂ ತಿರುಗಿಸಿ ಅಡಿ ನೋಡಿ, ಅತ್ತೆಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ರಬ್ಬರ್ ಅಡಿ, ಒಣ ನೆಲ. ಕರೆಂಟಿಗೆ ಹೋಗೋಕೆ ದಾರೀನೇ ಇಲ್ಲ. ಶೂ ಬಿಚ್ಚದಿದ್ರೆ ಆಯ್ತು."

ಬ್ರೇಕ್ ಲೈಟ್ ಉರಿಯದ ಕಾರನ್ನು ಗೇಟು ದಾಟಿಸದ ಹೆಂಗಸು ಇದನ್ನು ಹೇಗೆ ದಾಟಿಸಿದಳೋ! ಮಕ್ಕಳ ಮೇಲಿನ ಆಸೆ ಕಣ್ಣಿಗೆ ಪಟ್ಟಿ ಕಟ್ಟಿತ್ತು, ಇನ್ನೇನು. ಮೂವರನ್ನೂ ಸಾಲಾಗಿ ನಿಲ್ಲಿಸಿ, ನಾಳೆ ಯಾರೂ ಶೂ ಬಿಚ್ಚಕೂಡದು ಎಂದು ಕಟ್ಟಪ್ಪಣೆ ಮಾಡಿದಳು.

"ಯಾಕತ್ತೆ?" ಎಂದಳು ಸೈರನ್.

"ಹೇಳಿದಷ್ಟು ಮಾಡು."

ಯಾಕೆ ಎಂದು ಹೇಳಿದ್ದರೆ ಹುಡುಗಿ ಮನೆಗೆ ಹೋಗಿ ಅಮ್ಮನಿಗೆ ಹೇಳುತ್ತಿದ್ದಳು. ಅಮ್ಮ ಗಿಟಾರ್ ಮುಟ್ಟಲು ಬಿಡುತ್ತಿರಲಿಲ್ಲ. ಅತ್ತೆ ಅದನ್ನು ಲೆಕ್ಕ ಹಾಕಿಯೇ ಬಾಯಿ ಮುಚ್ಚಿಕೊಂಡಳು.

ಭಾನುವಾರ ಎಲ್ಲರಿಗಿಂತ ಮೊದಲೇ ಹೋಗಿ ಮಕ್ಕಳ ಕಾಲುಗಳನ್ನು ನೋಡಿದಳು. ಮೂವರೂ ಶೂ ಹಾಕಿದ್ದರು. ಅರ್ಧ ಜೀವ ಬಂತು. ಹಾಲಿನ ಕಟ್ಟಕಡೆಯಲ್ಲಿ, ಮೈಕುಗಳ ಸದ್ದು ಹೊಂದಿಸುವ ಮೇಜಿನ ಹಿಂದೆ ವಯರಣ್ಣನ ಪಕ್ಕ ಕೂತಳು. ಹಾಲು ಕಿಕ್ಕಿರಿದಿತ್ತು. ಅವಳ ತಮ್ಮನೂ ಅವನ ಹೆಂಡತಿಯೂ ಮಗಳನ್ನು ನೋಡಲೆಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

ದೀಕ್ಷಾಸ್ನಾನ ಶುರುವಾಯಿತು. ಒಬ್ಬೊಬ್ಬರೇ ತೊಟ್ಟಿಗೆ ಇಳಿದರು, ಮುಳುಗಿ ಎದ್ದರು, ಒದ್ದೆ ಬಟ್ಟೆಯಲ್ಲಿ ನಡುಗುತ್ತ ವೇದಿಕೆಗೆ ಬಂದು ಸಾಲಾಗಿ ನಿಂತರು. ಬಟ್ಟೆಗಳಿಂದ ನೀರು ತೊಟ್ಟಿಕ್ಕಿತು, ಹರಿಯಿತು, ಬ್ಯಾಂಡ್ ನಿಂತಿದ್ದ ಮೂಲೆಯವರೆಗೂ ಸಿಮೆಂಟು ನೆಲ ಕಪ್ಪಗಾಯಿತು. ಅತ್ತೆಗೆ ಇದು ಹೊಳೆದೇ ಇರಲಿಲ್ಲ. ಪ್ರತಿ ಸಲವೂ ದೀಕ್ಷಾಸ್ನಾನದ ನಂತರ ನೆಲ ಒರೆಸುತ್ತಿದ್ದವಳು ಅವಳೇ.

"ವಯರಣ್ಣ, ನೆಲ ಒದ್ದೆ ಆಯ್ತಲ್ಲೋ," ಎಂದಳು ಪಿಸುಮಾತಿನಲ್ಲಿ.

"ಶೂ ಇದೆಯಲ್ಲ ಅಕ್ಕ." ಅಷ್ಟರಲ್ಲಿ ಯಾರೋ ಬಂದು, ನಿನ್ನ ವ್ಯಾನ್ ದಾರಿಗೆ ಅಡ್ಡ ನಿಂತಿದೆ ಎಂದು ಅವನನ್ನು ಹೊರಗೆ ಕರೆದುಕೊಂಡು ಹೋದರು.

ಸೈರನ್ ಮೈಕಿನಿಂದ ಗೇಣು ದೂರ ನಿಂತಿದ್ದಳು. ಇನ್ನೂ ಗಿಟಾರ್ ಮುಟ್ಟಿರಲಿಲ್ಲ, ಅದು ಪಕ್ಕದ ಸ್ಟ್ಯಾಂಡಿನಲ್ಲಿತ್ತು. ಅತ್ತೆ ಅವಳ ಶೂಗಳ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ. ಇದೊಂದು ಹಾಡು ಮುಗಿಯಲಿ ತಂದೆಯೇ, ಇನ್ನು ಜನ್ಮದಲ್ಲಿ ಇಂಥ ಕೆಲಸ ಮಾಡುವುದಿಲ್ಲ ಎಂದು ಒಳಗೊಳಗೇ ಬೇಡಿಕೊಂಡಳು.

ಕೊನೆಯವರು ನೀರಿನಿಂದ ಎದ್ದರು. ಪಾಸ್ಟರ್ ಸೊಂಟದವರೆಗೆ ನೆಂದ ಬಟ್ಟೆಯಲ್ಲೇ ಮೈಕ್ ಹಿಡಿದರು. ಕಣ್ಣು ತುಂಬಿತ್ತು, ಒಳ್ಳೆಯ ಮನುಷ್ಯ.

"ನೋಡಿ, ಇವರು ಬರಿಗಾಲಲ್ಲಿ ನಿಂತಿದ್ದಾರೆ," ಎಂದರು. "ಹೊಸ ಬದುಕಿಗೆ ಬರಿಗಾಲಲ್ಲಿ ಕಾಲಿಡ್ತಿದ್ದಾರೆ. ಇವತ್ತು ಈ ಜಾಗ ಸಾಮಾನ್ಯ ಜಾಗ ಅಲ್ಲ. ಇವರ ಜೊತೆ ನಾವೂ ಒಂದಾಗೋಣ. ಎಲ್ಲರೂ ಶೂ, ಚಪ್ಪಲಿ ಬಿಚ್ಚಿಬಿಡಿ. ದೊಡ್ಡವರು, ಮಕ್ಕಳು, ಎಲ್ಲರೂ."



ಹಾಲಿನ ತುಂಬ ಜನ ಬಗ್ಗಿದರು. ಲೇಸು ಬಿಚ್ಚಿದರು, ಬಕಲ್ ಸಡಿಲಿಸಿದರು, ಶೂಗಳನ್ನು ನಡುವಿನ ಓಣಿಗೆ ಸರಿಸಿದರು. ವೇದಿಕೆಯ ಮೇಲೆ ಮೌನಿ ಬಗ್ಗಿದಳು. ಪಾತ್ರೆ ಒಂದು ಕಾಲಿನಿಂದ ಇನ್ನೊಂದರ ಶೂ ಒದ್ದು ಕಳಚಿದ. ಸೈರನ್ ಬಗ್ಗಲಿಲ್ಲ. ಅವಳು ಹಾಲಿನ ಕೊನೆಗೆ, ಅತ್ತೆಯ ಕಡೆಗೆ ನೋಡಿದಳು. ಬಿಚ್ಚಲೋ ಬೇಡವೋ ಎಂದು ಕೇಳುವ ನೋಟ.

ಅತ್ತೆ ಎದ್ದು ನಿಂತಳು. ಕೂಗಬೇಕಿತ್ತು. ಬೇಡ ಎಂದು ಒಂದೇ ಒಂದು ಸಲ, ಗಂಟಲು ಬಿರಿಯುವ ಹಾಗೆ. ಆದರೆ ಹಾಲು ಮೌನವಾಗಿತ್ತು, ಪಕ್ಕದ ಮುದುಕಿ ಬಿಕ್ಕಿ ಅಳುತ್ತಿದ್ದಳು, ಪಾಸ್ಟರ್ ಕಣ್ಣು ಮುಚ್ಚಿದ್ದರು. ಇಂಥ ಮೌನವನ್ನು ಕೆಡಿಸಬಾರದು ಎಂದು ಮಕ್ಕಳಿಗೆ ಕಲಿಸಿದವಳೇ ಅವಳು. ಗಂಟಲಿನಿಂದ ದನಿಯೇ ಹೊರಡಲಿಲ್ಲ. ಎರಡೂ ಕೈ ಎತ್ತಿ, ಅಂಗೈ ಮುಂದೆ ಚಾಚಿ, ಬೇಡ ಬೇಡ ಎಂದು ತಲೆಯ ಮೇಲೆ ಜೋರಾಗಿ ಬೀಸಿದಳು.

"ಆಮೆನ್!" ಎಂದಳು ಪಕ್ಕದ ಮುದುಕಿ, ಮೂಗು ಒರೆಸಿಕೊಳ್ಳುತ್ತ. "ಕೊನೆಗೂ ನೀನೂ ಕೈ ಎತ್ತಿದೆಯಲ್ಲ ಮಗಳೇ!" ಅವಳೂ ಎತ್ತಿದಳು. ಹಿಂದಿನ ಸಾಲಿನವರು ಎತ್ತಿದರು. ಕ್ಷಣದಲ್ಲಿ ಹಾಲಿನ ತುಂಬ ಕೈಗಳು, ಅವುಗಳ ನಡುವೆ ಅತ್ತೆಯವು ಇನ್ನೆರಡು.

ಸೈರನ್ ಕಣ್ಣರಳಿಸಿ ನೋಡಿದಳು. ಆಮೇಲೆ ಬಗ್ಗಿ ಲೇಸು ಬಿಚ್ಚಿದಳು.

ಅತ್ತೆ ಮೇಜು ತಳ್ಳಿಕೊಂಡು ಓಣಿಗೆ ಇಳಿದಳು. ಓಣಿಯ ತುಂಬ ಶೂಗಳು. ಕಾಲಿಟ್ಟಲ್ಲೆಲ್ಲ ಹಿಮ್ಮಡಿ, ಲೇಸು, ಮಕ್ಕಳ ಪುಟ್ಟ ಬೂಟು. ಎಡವಿದಳು, ಯಾರದೋ ಭುಜ ಹಿಡಿದು ಎದ್ದಳು. ಅಷ್ಟರಲ್ಲಿ ಪಾತ್ರೆ ಕಡ್ಡಿ ತಟ್ಟಿ ತಾಳ ಕೊಟ್ಟ. "ಸೈರನ್, ಬೇಡ್ವೇ!" ಈಗ ದನಿ ಬಂತು, ಡ್ರಮ್ಸ್ ಸದ್ದು ಅದನ್ನು ನುಂಗಿಹಾಕಿತು. ಸೈರನ್ ಒದ್ದೆ ನೆಲದ ಮೇಲೆ ಎರಡು ಹೆಜ್ಜೆ ಮುಂದೆ ಬಂದು ಗಿಟಾರ್ ಎತ್ತಿಕೊಂಡಳು. ಎಡಗೈ ತಂತಿಗಳ ಮೇಲೆ ಬಿತ್ತು.

ಅವಳ ತಲೆ ಹಿಂದಕ್ಕೆ ವಾಲಿತು. ಬಾಯಿ ತೆರೆದಿತ್ತು, ಹಾಡು ಬರಲಿಲ್ಲ. ಕುತ್ತಿಗೆಯ ನರಗಳು ಉಬ್ಬಿದವು. ಕಾಲ ಬೆರಳಿನಿಂದ ಗಲ್ಲದವರೆಗೆ ಇಡೀ ಮೈ ಸಣ್ಣಗೆ, ಬಿಡದೆ ಅದುರತೊಡಗಿತು. ಎಡಗೈ ಗಿಟಾರಿನ ಕುತ್ತಿಗೆಯನ್ನು ಹಿಡಿದದ್ದು ಹಿಡಿದೇ ಇತ್ತು.

"ಹಲ್ಲೆಲೂಯಾ!" ಎಂದು ಮುಂದಿನ ಸಾಲಿನಲ್ಲಿ ಒಬ್ಬರು ಕೂಗಿದರು. "ಆತ್ಮ ಇಳಿದಿದೆ! ಮಗುವಿನ ಮೇಲೆ ಆತ್ಮ ಇಳಿದಿದೆ!" ಹಾಲು ಭೋರ್ಗರೆಯಿತು. ಪಾಸ್ಟರ್ ಮೊಣಕಾಲೂರಿದರು. ಸೈರನ್ ಅಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಆನಂದದಿಂದ ಅಳುತ್ತಿದ್ದಳು. ಪಾತ್ರೆ ಬಾರಿಸುತ್ತಲೇ ಇದ್ದ, ಮೌನಿ ನುಡಿಸುತ್ತಲೇ ಇದ್ದಳು. ಹಾಡುವವಳು ಸೊಲ್ಲು ಮರೆತಿದ್ದಾಳೆ, ನಾವು ನಿಲ್ಲಿಸಕೂಡದು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಅತ್ತೆಯ ಶಿಷ್ಯರಲ್ಲವೇ!

ಅತ್ತೆ ಜನರನ್ನು ಮೊಣಕೈಯಿಂದ ತಿವಿದು ಸರಿಸಿದಳು. ಒಬ್ಬ ಗಂಡಸು ಪ್ರೀತಿಯಿಂದ ಅವಳ ತೋಳು ಹಿಡಿದು, "ತಡೀಬೇಡಿ ಸಿಸ್ಟರ್, ದೇವರ ಕೆಲಸ," ಎಂದ. ಅತ್ತೆ ಅವನ ಕೈ ಕಚ್ಚಿದಳು. ಹೌದು, ಕಚ್ಚಿದಳು. ವೇದಿಕೆ ಹತ್ತಿ ಹುಡುಗಿಯ ಕಡೆಗೆ ಒಂದು ಹೆಜ್ಜೆ ಇಟ್ಟವಳು ತಡೆದುಕೊಂಡಳು. ಮುಟ್ಟಿದರೆ ಇಬ್ಬರೂ ಅಂಟಿಕೊಳ್ಳುತ್ತೇವೆ. ಮುಟ್ಟದೆ ನಿಲ್ಲುವುದು ಅವಳ ಬದುಕಿನ ಅತಿ ಕಷ್ಟದ ಕೆಲಸವಾಯಿತು. ಸುತ್ತಿ ಬಂದು, ಆಂಪಿನ ಹಿಂದೆ ಗೋಡೆಗೆ ಬಿದ್ದು, ಕಪ್ಪು ವಯರನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಪ್ಲಗ್ ಕಿತ್ತು ಬಂತು.

ಸೈರನ್ ಕುಸಿದಳು. ಗಿಟಾರ್ ಅವಳ ಮೇಲೆ ಬಿತ್ತು. ಡ್ರಮ್ಸ್ ಇನ್ನೂ ಬಡಿಯುತ್ತಿತ್ತು.

"ನಿಲ್ಲಿಸ್ರೋ! ನಿಲ್ಲಿಸಿ!"

ಪಾತ್ರೆ ಕಡ್ಡಿ ಎತ್ತಿದ್ದ ಹಾಗೇ ಕಲ್ಲಾದ. ಹುಡುಗಿಯ ತುಟಿ ನೀಲಿಯಾಗಿತ್ತು. ಎದೆ ಏಳುತ್ತಿರಲಿಲ್ಲ. ಅತ್ತೆ ಅವಳ ಕೆನ್ನೆ ತಟ್ಟಿದಳು, ಹೆಸರು ಹಿಡಿದು ಕೂಗಿದಳು, ಅಡ್ಡಹೆಸರಲ್ಲ, ಹುಟ್ಟಿದಾಗ ಇಟ್ಟ ಹೆಸರು. ಆಗಷ್ಟೇ ನೀರಿನಿಂದ ಎದ್ದಿದ್ದ ಒಬ್ಬ ಹೆಂಗಸು, ಆಂಬುಲೆನ್ಸಿನ ನರ್ಸು, ಅತ್ತೆಯನ್ನು ಪಕ್ಕಕ್ಕೆ ದೂಡಿ ಮಂಡಿಯೂರಿ ಸೈರನ್ ಎದೆಯ ನಡುವೆ ಎರಡೂ ಅಂಗೈ ಇಟ್ಟು ಒತ್ತತೊಡಗಿದಳು. ಅವಳ ಕೂದಲಿನ ನೀರು ಹುಡುಗಿಯ ಮುಖದ ಮೇಲೆ ಬೀಳುತ್ತಿತ್ತು. ಹಾಲಿನಲ್ಲಿ ಈಗ ಒಬ್ಬರದೂ ಕೈ ಮೇಲಿರಲಿಲ್ಲ. ಒತ್ತಿದಳು, ಉಸಿರು ಊದಿದಳು, ಮತ್ತೆ ಒತ್ತಿದಳು. ಆ ಹೊತ್ತಿನಲ್ಲಿ ಅತ್ತೆ ಏನು ಬೇಡಿಕೊಂಡಳೋ ಅವಳಿಗೇ ನೆನಪಿಲ್ಲ. ಕೊನೆಗೆ ಹುಡುಗಿಯ ಗಂಟಲಿನಿಂದ ಒರಟಾದ ಒಂದು ಕೆಮ್ಮು ಬಂತು.

ಆಸ್ಪತ್ರೆಯಲ್ಲಿ ಸೈರನ್ ಎದೆಗೆ ವಯರುಗಳನ್ನು ಅಂಟಿಸಿ ಯಂತ್ರದ ಮುಂದೆ ಮಲಗಿಸಿದರು. ಎಡಗೈ ಬೆರಳುಗಳಲ್ಲಿ ತಂತಿ ಕೂತ ಕಡೆ ಸುಟ್ಟ ಗೆರೆಗಳು. ಜೀವಕ್ಕೆ ತೊಂದರೆಯಿಲ್ಲ, ಎದೆಬಡಿತ ಹದಕ್ಕೆ ಬರುವವರೆಗೆ ನೋಡೋಣ ಎಂದರು ಡಾಕ್ಟರು. ಪ್ಲಗ್ಗಿನ ಕಥೆ ಅತ್ತೆಗೂ ವಯರಣ್ಣನಿಗೂ ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ, ವಯರಣ್ಣ ನಾಪತ್ತೆಯಾಗಿದ್ದ. ಹಳೇ ಮಿಷನ್ನು, ಗ್ರಹಚಾರ ಎಂದು ಅತ್ತೆಯ ಬೆನ್ನು ಸವರಿದ ತಮ್ಮ. "ಅಕ್ಕ, ನೀನು ಇಲ್ಲದಿದ್ರೆ ನನ್ನ ಮಗಳು ಇರ್ತಿರಲಿಲ್ಲ," ಎಂದ. ಅವಳು ಅವನ ಕೈಯಿಂದ ಜಾರಿ ಬಾಗಿಲ ಕಡೆ ಸರಿದಳು. ಕಾರಿಡಾರಿನಲ್ಲಿ ಪಾಸ್ಟರ್ ಕೂತಿದ್ದರು, ಅವರ ಸುತ್ತ ಚರ್ಚಿನವರು. ಮಿಷನ್ನು ಕೆಟ್ಟದ್ದು ನಿಜವಿರಬಹುದು, ಆದರೆ ಮೊದಲು ಇಳಿದದ್ದು ಆತ್ಮವೇ, ನಾನು ಕಣ್ಣಾರೆ ಕಂಡೆ ಎಂದು ಒಬ್ಬಾಕೆ ಹೇಳುತ್ತಿದ್ದಳು.

ಸಂಜೆ ಅಮ್ಮ ಕಾಫಿ ತರಲು ಹೋದಾಗ ಅತ್ತೆ ಒಬ್ಬಳೇ ಮಂಚದ ಪಕ್ಕ ಕೂತಳು. ಸೈರನ್ ಕಣ್ಣು ಬಿಟ್ಟಳು. ಬಾಗಿಲ ಕಡೆ ನೋಡಿ, ಅತ್ತೆಯ ಬೆರಳು ಹಿಡಿದುಕೊಂಡಳು.

"ಅತ್ತೆ, ನಾನು ಏನು ತಪ್ಪು ಮಾಡಿದೆ?"

"ಏನೂ ಇಲ್ಲ ಕಂದ. ಯಾಕೆ?"

"ಎಲ್ಲರೂ ಬಂದು ದೇವರು ಮುಟ್ಟಿದ ಅಂತಾರೆ." ಆ ದೊಡ್ಡ ಗಂಟಲಿನಲ್ಲಿ ಈಗ ದನಿಯೇ ಇರಲಿಲ್ಲ. "ಹಾಗಿದ್ರೆ ಅವನು ನನ್ನನ್ನ ಸಾಯಿಸೋಕೇ ಬಂದಿದ್ದ ಅತ್ತೆ. ಬಿಡು ಬಿಡು ಅಂತ ಬೇಡ್ಕೊಂಡೆ, ಒಳಗೇ. ಬಿಡಲಿಲ್ಲ. ನನಗೆ ಕಣ್ಣು ಮುಚ್ಚೋಕೆ ಭಯ ಆಗುತ್ತೆ. ಪ್ರಾರ್ಥನೆ ಮಾಡೋಕೂ ಭಯ. ಮತ್ತೆ ಬಂದ್ರೆ?"

ಅತ್ತೆ ಅವಳ ಹಣೆಯ ಮೇಲಿನ ಕೂದಲು ಸರಿಸಿದಳು.

"ನೀವೂ ಕೈ ಎತ್ತಿದ್ರಿ," ಎಂದಳು ಹುಡುಗಿ. "ಯಾವತ್ತೂ ಎತ್ತದವರು. ಅತ್ತೇನೇ ಎತ್ತಿದಾರೆ ಅಂದ್ರೆ ಶೂ ಬಿಚ್ಚಬಹುದು ಅಂದ್ಕೊಂಡೆ. ನಿಮಗೂ ಅವನು ಬಂದದ್ದು ಕಾಣಿಸ್ತಾ?"

ಸುಮ್ಮನೆ ಇದ್ದುಬಿಡಬಹುದಿತ್ತು. ತಮ್ಮನೇ ಅವಳ ಬೆನ್ನು ಸವರಿದ್ದ, ಚರ್ಚು ಹೊಗಳುತ್ತಿತ್ತು, ಮುರಿದ ಪ್ಲಗ್ಗನ್ನು ಯಾರೂ ತಿರುಗಿಸಿ ನೋಡುತ್ತಿರಲಿಲ್ಲ. ಆದರೆ ಹುಡುಗಿ ಸೂರಿನ ಮೂಲೆಯನ್ನು ನೋಡುತ್ತಿದ್ದ ರೀತಿ ಅತ್ತೆಗೆ ಸಹಿಸಲಾಗಲಿಲ್ಲ. ಇನ್ನು ಬದುಕಿಡೀ ಇವಳು ಹೀಗೇ ಮೇಲೆ ನೋಡುತ್ತ ಹೆದರಬೇಕೇ?

"ದೇವರಲ್ಲ ಕಣೇ," ಎಂದಳು. "ಕರೆಂಟು. ಬರೀ ಕರೆಂಟು. ಆಂಪಿನ ಪ್ಲಗ್ಗಿಗೆ ಮೂರನೇ ಪಿನ್ ಇರ್ಲಿಲ್ಲ. ನಾನೇ ಮುರಿಸಿದ್ದು. ಸದ್ದು ಹೋಗ್ಲಿ, ನೀವು ಹಾಡೋ ಹಾಗಾಗ್ಲಿ ಅಂತ. ನಾನು ಕೈ ಎತ್ತಿದ್ದು ಬೇಡ ಅನ್ನೋಕೆ."

ಸೈರನ್ ಅವಳನ್ನೇ ದಿಟ್ಟಿಸಿದಳು. "ನಿಜವಾಗ್ಲೂ?"

"ನಿಜವಾಗ್ಲೂ. ನೀನು ಯಾವ ತಪ್ಪೂ ಮಾಡಿಲ್ಲ. ಯಾರೂ ಬಂದಿರ್ಲಿಲ್ಲ."

ಹುಡುಗಿ ದೀರ್ಘವಾಗಿ ಉಸಿರು ಬಿಟ್ಟಳು. ಭುಜಗಳು ಸಡಿಲವಾದವು, ಎರಡು ಹನಿ ಕಿವಿಯ ಕಡೆಗೆ ಇಳಿದವು. ಕಣ್ಣು ಮುಚ್ಚಿದಳು, ಭಯಪಡದೆ ಮುಚ್ಚಿದಳು. ಅತ್ತೆಗೂ ಅಳು ಬಂತು. ಆಮೇಲೆ ಆ ಕಣ್ಣುಗಳು ಮೆಲ್ಲನೆ ಮತ್ತೆ ತೆರೆದವು.

"ಶೂ ಬಿಚ್ಚಬೇಡಿ ಅಂದಿದ್ದು ಅದಕ್ಕೇನಾ?"

"ಹೂಂ."

"ಹಾಗಾದ್ರೆ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಕೇಳಿದ್ದೆನಲ್ಲ ಅತ್ತೆ, ಯಾಕೆ ಅಂತ."

ಸೈರನ್ ಬೆರಳುಗಳನ್ನು ಬಿಡಿಸಿಕೊಂಡು, ಸುಟ್ಟ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಬಾಗಿಲು ತೆರೆಯಿತು. ಅಮ್ಮ ಎರಡು ಲೋಟ ಕಾಫಿ ಹಿಡಿದು ಒಳಗೆ ಬಂದಳು, ಒಂದು ಅತ್ತೆಗೆಂದೇ ತಂದದ್ದು.

"ಅಮ್ಮ," ಎಂದಳು ಹುಡುಗಿ, "ನೀನು ಇಲ್ಲಿ ಕೂತ್ಕೋ."

ಅತ್ತೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಲೋಟ ತೆಗೆದುಕೊಳ್ಳದೆ ಕಾರಿಡಾರಿಗೆ ಹೋಗಿ, ಪಾಸ್ಟರ್ ಪಕ್ಕ ನಿಂತಿದ್ದ ತಮ್ಮನನ್ನು ಕರೆದಳು.